ಗೋಪುರದ ಮುಂದೆ ಸೋದರತ್ತೆ

ಪ್ಯಾರಿಸ್ಸಿನ ಐಫೆಲ್ ಗೋಪುರದ ಎದುರು ಫೋಟೋಕ್ಕೆ ನಿಂತ ಸಾವಿರ ಜನರ ನಡುವೆ ಮಂಡ್ಯ ಜಿಲ್ಲೆಯವರನ್ನು ಗುರುತಿಸುವುದು ಕಷ್ಟವಲ್ಲ. ಮಾತು ಕಿವಿಗೆ ಬೀಳುವವರೆಗೂ ಕಾಯಬೇಕಿಲ್ಲ. ಹೆಂಗಸರಾದರೆ ಸೀರೆಯ ಮೇಲೊಂದು ಸ್ವೆಟರು, ಸ್ವೆಟರಿನ ಮೇಲೆ ಹೊರಗೆಳೆದ ತಾಳಿಯ ಸರ, ಕಾಲಲ್ಲಿ ಮಗ ಕೊಡಿಸಿದ ಬಿಳಿ ಬೂಟು, ಎದೆಗೆ ಒತ್ತಿ ಹಿಡಿದ ಪಾಸ್‌ಪೋರ್ಟಿನ ಚೀಲ. ಗಂಡಸರು ಫೋಟೋಕ್ಕೆಂದೇ ಮಂಕಿಕ್ಯಾಪು ಕಳಚಿ, ಕೂದಲು ನೀವಿಕೊಂಡು, ಎರಡೂ ಕೈ ತೊಡೆಗೆ ಅಂಟಿಸಿ ನಿಂತಿರುತ್ತಾರೆ. ಗಂಡಹೆಂಡಿರ ನಡುವೆ ಮೂರನೆಯವರೊಬ್ಬರು ನಿಲ್ಲುವಷ್ಟು ಜಾಗ. ಒಂದು ಪಕ್ಕದಲ್ಲಿ ಯಾವುದೋ ದೇಶದ ಜೋಡಿ ಮುತ್ತಿಡುತ್ತಿರುತ್ತದೆ, ಇನ್ನೊಂದು ಪಕ್ಕದಲ್ಲಿ ಹುಡುಗಿಯರು ಗಾಳಿಯಲ್ಲಿ ನೆಗೆಯುತ್ತಿರುತ್ತಾರೆ. ನಮ್ಮವರು ಮಾತ್ರ ಅಟೆನ್ಷನ್ನಿನಲ್ಲಿ. ನಗುವುದಿಲ್ಲ. 'ನಗಿ' ಎಂದು ಯಾರಾದರೂ ಕೂಗಿದರೆ ಇನ್ನಷ್ಟು ಬಿಗಿಯಾಗುತ್ತಾರೆ.

ಗೇಲಿ ಮಾಡಲು ಹೇಳುತ್ತಿಲ್ಲ. ನಾನೂ ಮದ್ದೂರಿನವನೇ, ನನ್ನ ಫೋಟೋಗಳೂ ಹೀಗೇ ಇವೆ. ಈ ಭಂಗಿಯನ್ನು ನಾವು ಪ್ಯಾರಿಸ್ಸಿಗೆ ಹೋಗಿ ಕಲಿತದ್ದಲ್ಲ, ಮಂಡ್ಯದ ಸ್ಟುಡಿಯೋಗಳಿಂದ ಹೊತ್ತುಕೊಂಡು ಹೋದದ್ದು. ಬಣ್ಣದ ಪರದೆ, ಅದರ ಮುಂದೊಂದು ಸ್ಟೂಲು, ಮೂಲೆಯಲ್ಲಿ ದಾರ ಕಟ್ಟಿದ ಬಾಚಣಿಗೆ ನೇತಾಡುವ ಕನ್ನಡಿ, ಪೌಡರ್ ಡಬ್ಬ, ಊರಿನ ಗಂಡಸರಿಗೆಲ್ಲ ಸೇರಿ ಒಂದೇ ಕೋಟು. ಆ ಕೋಟು ದಪ್ಪಗಿದ್ದವರಿಗೆ ಎದುರಿನಿಂದ ಮಾತ್ರ ಆಗುತ್ತಿತ್ತು, ಬೆನ್ನ ಹಿಂದೆ ಕತ್ತರಿಸಿ ಬಿಟ್ಟಿದ್ದರು. ಪರದೆಯ ಮೇಲೆ ತಾಜಮಹಲು. ಅದರ ಪಕ್ಕದಲ್ಲೇ, ಆಗ್ರಾದಲ್ಲಿ ಇಲ್ಲದ ತೆಂಗಿನ ಮರ ಮತ್ತು ಎರಡು ಹಂಸ. ಬೇಬಿ ಬೆಟ್ಟದ ದನಗಳ ಜಾತ್ರೆಯಂಥ ಕಡೆ ಟೆಂಟು ಹಾಕಿಕೊಂಡು ಬರುತ್ತಿದ್ದ ಫೋಟೋದವರ ಬಳಿ ಹಲಗೆಯ ವಿಮಾನವೂ ಇರುತ್ತಿತ್ತು. ಕಿಟಕಿಯಲ್ಲಿ ತಲೆ ಹಾಕಿ ಕೂತರೆ ಮೋಡದ ಮೇಲೆ ಹಾರಿದಂತೆ ಫೋಟೋ. ಎತ್ತು ಮಾರಲು ಬಂದವರು ಎತ್ತು ಮಾರಿ, ವಿಮಾನ ಹತ್ತಿ, ಮೂರು ಕಾಪಿ ತೆಗೆಸಿಕೊಂಡು ಗಾಡಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಅಂಥದ್ದೊಂದು ಇದೆ. ಪೈಲಟ್ಟಿನ ಜಾಗದಲ್ಲಿ ನಮ್ಮಜ್ಜ, ಹಿಂದಿನ ಕಿಟಕಿಯಲ್ಲಿ ದನದ ದಳ್ಳಾಳಿ. ಇಬ್ಬರ ಮುಖದಲ್ಲೂ ಆ ಬೆಳಗಿನ ವ್ಯಾಪಾರದ ಬಿಗುವು ಇನ್ನೂ ಸಡಿಲಿಲ್ಲ.

ಆಮೇಲೆ ಸಿನಿಮಾ ಬಂತು. 'ಸಿಂಗಾಪುರದಲ್ಲಿ ರಾಜಾ ಕುಳ್ಳ' 1978ರಲ್ಲಿ ತೆರೆಗೆ ಬಂದಾಗ ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರವೆಂದು ಜನ ಮುಗಿಬಿದ್ದರು. ಕತೆ ನೋಡಲು ಹೋದವರಿಗಿಂತ ಸಿಂಗಾಪುರ ನೋಡಲು ಹೋದವರೇ ಹೆಚ್ಚೆಂದು ನನ್ನ ಗುಮಾನಿ. 2003ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ 'ಪ್ಯಾರಿಸ್ ಪ್ರಣಯ' ತೆಗೆದರು. ಅವರು ನಾಗಮಂಗಲ ತಾಲ್ಲೂಕಿನವರು, ಅಂದರೆ ನಮ್ಮ ಜಿಲ್ಲೆಯವರೇ. ಹೀಗಾಗಿ ನಾವು ಪ್ಯಾರಿಸ್ಸಿನಲ್ಲಿ ಬಸ್ಸು ಇಳಿಯುವ ಹೊತ್ತಿಗೆ ಗೋಪುರ ನಮಗೆ ಹೊಸದಾಗಿರಲಿಲ್ಲ. ಪರದೆ ಎಲ್ಲಿತ್ತೋ ಅಲ್ಲೇ ಇತ್ತು, ಅದರ ಮುಂದೆ ಹೋಗಿ ನಿಲ್ಲುವುದು ಮಾತ್ರ ಬಾಕಿ ಉಳಿದಿತ್ತು.

ನಮ್ಮದು ಪ್ಯಾಕೇಜ್ ಟೂರು. ನಾನು, ನನ್ನ ಹೆಂಡತಿ, ಅವಳ ತಮ್ಮನ ಮಗ, ಮತ್ತು ಮಳವಳ್ಳಿ ಸೀಮೆಯ ನನ್ನ ಸೋದರತ್ತೆ. ಅತ್ತೆ ಅದುವರೆಗೆ ಹೋದ ಅತಿ ದೂರದ ಊರು ಕಾಶಿ. ಖರ್ಚು ಹೊರದೇಶದಲ್ಲಿರುವ ಮಗನದು. ಅವನಿಗೆ ರಜೆ ಸಿಗದ್ದರಿಂದ ಜವಾಬ್ದಾರಿ ನನ್ನದು. ಇಂಥ ಪ್ರವಾಸಗಳಲ್ಲಿ 'ಫೋಟೋ ಸ್ಟಾಪ್' ಎಂಬುದೊಂದಿದೆ. ಅಂದರೆ ಒಳಗೆ ಹೋಗುವ ಹಾಗಿಲ್ಲ, ಹತ್ತುವ ಹಾಗಿಲ್ಲ, ಹತ್ತಿರ ಹೋಗಿ ಮುಟ್ಟುವಷ್ಟು ಹೊತ್ತೂ ಇಲ್ಲ. ಬಸ್ಸು ನಿಲ್ಲುತ್ತದೆ, ಮ್ಯಾನೇಜರು ಕೈಗಡಿಯಾರ ತೋರಿಸುತ್ತಾನೆ, ಎಲ್ಲರೂ ಇಳಿದು ಫೋಟೋ ತೆಗೆದು ಹತ್ತುತ್ತಾರೆ. ಅರ್ಧ ಜನ ಆ ಹೊತ್ತಿನಲ್ಲಿ ಶೌಚಾಲಯ ಹುಡುಕುತ್ತಾರೆ, ಅವರ ಪಾಲಿನ ಫೋಟೋ ಬೇರೆಯವರು ತೆಗೆದುಕೊಡುತ್ತಾರೆ. ಸಾವಿರ ವರ್ಷದ ಚರ್ಚು, ಇಡೀ ಒಂದು ಕ್ರಾಂತಿ ನಡೆದ ಚೌಕ, ರಾಣಿಯ ತಲೆ ಕಡಿದ ಜಾಗ, ಎಲ್ಲವೂ ಫೋಟೋ ಸ್ಟಾಪುಗಳೇ. ಕಣ್ಣಿಗೆ ಬಿಡುವು ಕೊಟ್ಟು ಕ್ಯಾಮೆರಾದಿಂದಲೇ ನೋಡಿಸುವ ವ್ಯವಸ್ಥೆ ಎಂದು ಬಯ್ಯುವವರಿದ್ದಾರೆ. ಅಷ್ಟು ಬಯ್ಯಬೇಕಾಗಿಲ್ಲ ಎಂದು ನನ್ನ ವಾದ, ಅದಕ್ಕೆ ಆಮೇಲೆ ಬರುತ್ತೇನೆ.

ಟ್ರೊಕಾಡೆರೊ ಎಂಬ ಎತ್ತರದ ಕಟ್ಟೆಯ ಮೇಲಿಂದ ಗೋಪುರ ಪೂರ್ತಿ ಕಾಣುತ್ತದೆ. 330 ಮೀಟರು ಎತ್ತರ. ನನ್ನ ಹೆಂಡತಿ 'ಅಬ್ಬಾ' ಎಂದಳು. ನಾನೂ ಏನೋ ಅಂದೆ. ಅತ್ತೆ ಸ್ವಲ್ಪ ಹೊತ್ತು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿ, "ಏನಪ್ಪಾ ಇದು, ಕರೆಂಟ್ ಕಂಬ ಇದ್ದಂಗದೆ. ನಮ್ಮ ಬ್ಲಫ್ ತಾವ ಸಾಲಾಗಿ ನಿಂತವೆ ಇಂಥವು. ಇದು ಒಸಿ ಬೊಡ್ಡೆ ದಪ್ಪ, ಅಷ್ಟೇಯ" ಎಂದಳು.

ಬ್ಲಫ್ ಎಂದರೆ ಶಿವನಸಮುದ್ರದ ವಿದ್ಯುದಾಗಾರದ ಬಳಿಯ ಜಾಗ. ಅತ್ತೆಯ ಊರಿನಿಂದ ಅಲ್ಲಿಗೆ ಹೆಚ್ಚು ದೂರವಿಲ್ಲ. ಹುಟ್ಟಿದಾಗಿನಿಂದ ಹೈಟೆನ್ಷನ್ ಕಂಬಗಳ ಕೆಳಗೇ ಸೌದೆ ಆಯ್ದು, ಕಂಬಕ್ಕೇ ಮೇಕೆ ಕಟ್ಟಿ ಬೆಳೆದವಳು. ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡ ಹೆಣೆದು ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ವಸ್ತುವನ್ನು ಕಂಡರೆ ಆಕೆಗೆ ಇನ್ನೇನು ನೆನಪಾಗಬೇಕು? ನಮ್ಮ ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ನಗುವ ಮಾತೇನಲ್ಲ. ಗೋಪುರ ಇನ್ನೂ ಪಾಯದಲ್ಲಿದ್ದಾಗ, 1887ರ ಫೆಬ್ರವರಿಯಲ್ಲಿ, ಪ್ಯಾರಿಸ್ಸಿನ ದೊಡ್ಡದೊಡ್ಡ ಕಲಾವಿದರೆಲ್ಲ ಸೇರಿ ಈ ಕಬ್ಬಿಣದ ಪಿಶಾಚಿ ಊರಿಗೆ ಬೇಡವೆಂದು ಪತ್ರಿಕೆಯಲ್ಲಿ ಪ್ರತಿಭಟನೆ ಪ್ರಕಟಿಸಿದ್ದರು. ಸಹಿ ಹಾಕಿದವರಲ್ಲಿ ಕತೆಗಾರ ಮೊಪಾಸಾ ಇದ್ದ, ಪ್ಯಾರಿಸ್ ಆಪೆರಾ ಕಟ್ಟಿದ ಗಾರ್ನಿಯೇ ಇದ್ದ. 1889ರ ವಸ್ತುಪ್ರದರ್ಶನಕ್ಕೆಂದು ಎದ್ದ ಗೋಪುರಕ್ಕೆ ಸಿಕ್ಕಿದ್ದ ಪರವಾನಗಿ ಇಪ್ಪತ್ತೇ ವರ್ಷದ್ದು. ಅವಧಿ ತೀರುವ ಹೊತ್ತಿಗೆ ಅದನ್ನು ಉಳಿಸಿದ್ದು ಅದರ ಚೆಲುವಲ್ಲ, ನಿಸ್ತಂತು ಸಂದೇಶಕ್ಕೆ ಎತ್ತರದ ಕಂಬ ಬೇಕಾಗಿದ್ದದ್ದು. ಒಟ್ಟಿನಲ್ಲಿ ಕಂಬವಾಗಿಯೇ ಬದುಕಿಕೊಂಡ ಗೋಪುರ. ಅತ್ತೆಗೆ ಇದನ್ನು ಹೇಳಿದೆ. "ನಾನೂ ಅದೇ ಅಂದುದ್ದು" ಎಂದಳು.

ಸಂಜೆ ದೀಪ ಹತ್ತಿದ ಮೇಲೆ ಪ್ರತಿ ಗಂಟೆಗೊಮ್ಮೆ ಐದು ನಿಮಿಷ ಇಡೀ ಗೋಪುರ ಮಿಣುಕುತ್ತದೆ. ಆಗ ಅತ್ತೆಯೂ ಬಾಯಿ ತೆರೆದಳು. ಫೋನುಗಳೆಲ್ಲ ಒಮ್ಮೆಲೇ ಮೇಲೆದ್ದವು. ಈ ದೀಪದ ಕತೆಯೇ ಬೇರೆ. ಗುಸ್ತಾವ್ ಐಫೆಲ್ 1923ರಲ್ಲಿ ತೀರಿಕೊಂಡ, ಅವನ ಗೋಪುರದ ಹಕ್ಕು ಎಂದೋ ಸಾರ್ವಜನಿಕರದಾಯಿತು. ಹಗಲಲ್ಲಿ ಯಾರು ಬೇಕಾದರೂ ಫೋಟೋ ತೆಗೆದು ಏನು ಬೇಕಾದರೂ ಮಾಡಿಕೊಳ್ಳಬಹುದು. ರಾತ್ರಿಯ ದೀಪಾಲಂಕಾರ ಮಾತ್ರ ಬೇರೊಂದು ಕಲಾಕೃತಿಯೆಂದು ಲೆಕ್ಕ. ಮನೆಗೆಂದು ತೆಗೆದುಕೊಂಡರೆ ಯಾರ ತಕರಾರೂ ಇಲ್ಲ. ಮಾರಲು, ಜಾಹೀರಾತಿಗೆ ಬಳಸಲು ಗೋಪುರ ನೋಡಿಕೊಳ್ಳುವ ಸಂಸ್ಥೆಯ ಅನುಮತಿ ಬೇಕು. ಕಬ್ಬಿಣ ಪುಕ್ಕಟೆ, ಬೆಳಕಿಗೆ ಕಾಸು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಉದಾರಿ: ಕಟ್ಟಡಗಳ, ಸಾರ್ವಜನಿಕ ಜಾಗದಲ್ಲಿ ಕಾಯಮ್ಮಾಗಿ ನಿಲ್ಲಿಸಿದ ಶಿಲ್ಪಗಳ ಫೋಟೋ ತೆಗೆದು ಪ್ರಕಟಿಸಲು ತಕರಾರಿಲ್ಲ. ಯಾರಾದರೂ ಮದ್ದೂರಿನ ನರಸಿಂಹಸ್ವಾಮಿ ದೇವಸ್ಥಾನದ ಗೋಪುರವನ್ನು ಕ್ಯಾಲೆಂಡರಿಗೆ ಹಾಕಿಕೊಂಡರೆ ದೇವರೂ ಕೇಳುವುದಿಲ್ಲ, ಸರ್ಕಾರವೂ ಕೇಳುವುದಿಲ್ಲ.

ನನ್ನ ಹೆಂಡತಿಯ ತಮ್ಮನ ಮಗನಿಗೆ ಇಂಥದರಲ್ಲೆಲ್ಲ ಆಸಕ್ತಿಯಿಲ್ಲ. ಅವನು ಬೆಂಗಳೂರಿನಿಂದ ಹೊರಡುವಾಗಲೇ ಮನಸ್ಸಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದ. ಚೀಲದಲ್ಲಿ ಮದ್ದೂರು ವಡೆಯ ಪೊಟ್ಟಣವಿತ್ತು. 1917ರ ಸುಮಾರಿಗೆ ನಮ್ಮೂರ ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯರು ಶುರು ಮಾಡಿದರೆಂದು ಹೇಳುವ ಈ ವಡೆ ಪ್ರಯಾಣಕ್ಕೇ ಹುಟ್ಟಿದ್ದು. ದಿನಗಟ್ಟಲೆ ಇಟ್ಟರೂ ಕೆಡುವುದಿಲ್ಲ, ವಿಮಾನದ ಚಳಿಗೆ ಮಾತ್ರ ಒಂದಿಷ್ಟು ಗಟ್ಟಿಯಾಗುತ್ತದೆ. ಪೀಸಾದ ವಾಲುಗೋಪುರಕ್ಕೆ ಎಲ್ಲರೂ ಕೈಯೊಡ್ಡಿ ಆನಿಸಿಕೊಂಡಂತೆ ಫೋಟೋ ತೆಗೆಸುತ್ತಾರಲ್ಲ, ಹಾಗೆ ವಡೆಯೊಳಗೆ ಐಫೆಲ್ ಗೋಪುರವನ್ನು ತೂರಿಸಬೇಕೆಂದು ಅವನ ಯೋಜನೆ. ವಡೆ ತೆಗೆದು ಕಣ್ಣೆದುರು ಹಿಡಿದ ಮೇಲೆ ಹುಡುಗ ಪೇಚಾಡಿದ. ಮದ್ದೂರು ವಡೆಗೆ ತೂತಿಲ್ಲ. ಉದ್ದಿನ ವಡೆ ತರಬೇಕಿತ್ತು ಎಂದು ಒಬ್ಬರು, ಕೋಡುಬಳೆ ಆಗುತ್ತಿತ್ತು ಎಂದು ಇನ್ನೊಬ್ಬರು. ಕೊನೆಗೆ ಗೋಪುರದ ತುದಿಗೆ ಹುಣ್ಣಿಮೆಯ ಚಂದ್ರನ ಜಾಗದಲ್ಲಿ ವಡೆ ಬರುವ ಹಾಗೆ ಹಿಡಿದು, ನನ್ನನ್ನು ನೆಲದ ಮೇಲೆ ಮಲಗಿಸಿ ಫೋಟೋ ತೆಗೆಸಿದ. ತೆಗೆದಾದ ಮೇಲೆ ಚಂದ್ರನನ್ನು ನಾಲ್ಕು ಭಾಗ ಮಾಡಿ ತಿಂದೆವು. ನಮ್ಮ ಪ್ರವಾಸದ ಅತ್ಯುತ್ತಮ ಚಿತ್ರ ಅದು ಎಂದು ಈಗಲೂ ನನ್ನ ಅಭಿಪ್ರಾಯ.

ಇದನ್ನು ಒಪ್ಪದವರೊಬ್ಬರು ನಮ್ಮ ಬಸ್ಸಿನಲ್ಲೇ ಇದ್ದರು. ಹೆಸರು ಬೇಡ. ಬೆಂಗಳೂರಿನವರು, ದೊಡ್ಡ ಕ್ಯಾಮೆರಾ, ಎರಡು ಲೆನ್ಸು, ಬೆನ್ನಿಗೊಂದು ಮುಕ್ಕಾಲಿ. ಅವರಿಗೆ ಸ್ಮಾರಕದ ಚಿತ್ರದಲ್ಲಿ ಮನುಷ್ಯ ಕಾಣಬಾರದು. ಜನ ಸರಿಯಲಿ ಎಂದು ಕಾದು, ಸರಿಯದಿದ್ದರೆ ಕೈಸನ್ನೆ ಮಾಡಿ, ನಮ್ಮ ಅತ್ತೆಗೂ ಒಮ್ಮೆ ಪಕ್ಕಕ್ಕೆ ಹೋಗಲು ಹೇಳಿದರು. ಅತ್ತೆ ಹೋಗಲಿಲ್ಲ. "ನಾನು ದುಡ್ ಕೊಟ್ಟಿವ್ನಿ" ಎಂದಳು. ರಾತ್ರಿ ಊಟದ ಹೊತ್ತಿಗೆ ಅವರು ನನಗೆ ತಿಳಿಹೇಳಿದರು: "ಎಲ್ಲಾ ಫೋಟೋದಲ್ಲೂ ನಾವೇ ಮುಂದೆ ನಿಂತ್ಕೊಂಡ್ರೆ ಹೇಗೆ? ಅದು ಗೋಪುರದ ಚಿತ್ರ ಆಗಬೇಕು." ನನಗೆ ಆಗ ಉತ್ತರ ಹೊಳೆಯಲಿಲ್ಲ. ಊರಿಗೆ ಬಂದು ಓದುತ್ತಾ ಕೂತಾಗ ಹೊಳೆಯಿತು, ಅದೂ ನಮ್ಮ ಮಳವಳ್ಳಿ ತಾಲ್ಲೂಕಿನ ದಾರಿಯಾಗಿಯೇ ಬಂತು.

ಪರದೇಶಕ್ಕೆ ಹೋಗಿ ಹೆಸರಾಂತ ಸ್ಮಾರಕದ ಮುಂದೆ ಕ್ಯಾಮೆರಾ ಹೂಡುವ ಚಾಳಿ ಫೋಟೋಗ್ರಫಿಯಷ್ಟೇ ಹಳೆಯದು. ದಾಗೆರ್ ಎಂಬಾತ ಕಂಡುಹಿಡಿದ ಚಿತ್ರವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಬಿಡಿಸಿ ಹೇಳಿದ್ದು 1839ರ ಆಗಸ್ಟ್ 19ರಂದು. ಅದಾಗಿ ಕೆಲವೇ ವಾರಗಳಲ್ಲಿ ಒಬ್ಬ ಉತ್ಸಾಹಿ ಆ ಸಲಕರಣೆಗಳನ್ನೆಲ್ಲ ಕಟ್ಟಿಕೊಂಡು ಹಡಗು ಹತ್ತಿದ. ಹೆಸರು ಪಿಯರ್ ಗುಸ್ತಾವ್ ಜೋಲಿ ದ ಲೋಬಿನಿಯೇರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು, ಫ್ರಾನ್ಸಿನ ವ್ಯಾಪಾರಿ, ಕೆನಡಾದ ಕ್ವಿಬೆಕ್ಕಿನಲ್ಲಿ ದೊಡ್ಡ ಜಮೀನಿದ್ದ ಮನೆತನದ ಅಳಿಯ. ಆ ವರ್ಷದ ಅಕ್ಟೋಬರಿನಲ್ಲಿ ಆತ ಅಥೆನ್ಸ್ ಸೇರಿ, ಅಕ್ರೊಪೊಲಿಸ್ ಗುಡ್ಡ ಹತ್ತಿ ಪಾರ್ಥೆನಾನ್ ದೇಗುಲದ ಚಿತ್ರ ತೆಗೆದ. ಆ ಗುಡ್ಡದ ಮೊದಲ ಫೋಟೋಗಳು ಅವು. ಅಲ್ಲಿಂದ ಈಜಿಪ್ಟಿಗೂ ಹೋದ.

ಅವನು ಹೊತ್ತ ಸಾಮಾನಿನ ಮುಂದೆ ನಮ್ಮ ಬೆಂಗಳೂರಿನವರ ಮುಕ್ಕಾಲಿ ಏನೂ ಅಲ್ಲ. ಮರದ ಪೆಟ್ಟಿಗೆ, ಬೆಳ್ಳಿ ಲೇಪಿಸಿದ ತಾಮ್ರದ ತಗಡುಗಳು, ತಗಡಿಗೆ ಹೊಗೆ ಹಾಕಲು ಅಯೋಡಿನ್, ಮೂಡಿದ ಚಿತ್ರ ಹೊರಗೆಳೆಯಲು ಕಾಯಿಸಿದ ಪಾದರಸದ ಆವಿ, ಎಲ್ಲ ಸೇರಿ ಐವತ್ತು ಕಿಲೋ ಆಸುಪಾಸು. ತಗಡಿನ ಮೇಲೆ ಬಿಸಿಲು ಹಲವು ನಿಮಿಷ ಬೀಳಬೇಕು. ಒಂದು ತಗಡಿಗೆ ಒಂದೇ ಚಿತ್ರ, ಕಾಪಿ ಇಲ್ಲ. ಮೇಲಾಗಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಷ್ಟು ಕಷ್ಟಪಟ್ಟು ತೆಗೆದ ಅವನ ಮೂಲ ತಗಡುಗಳೆಲ್ಲ ಕಳೆದುಹೋದವು. ಪ್ಯಾರಿಸ್ಸಿನ ಲೆರೆಬೂರ್ ಎಂಬ ಕನ್ನಡಕ ದುರ್ಬೀನಿನ ವ್ಯಾಪಾರಿ ಲೋಕದ ಹೆಸರಾಂತ ಜಾಗಗಳ ಇಂಥ ಚಿತ್ರಗಳನ್ನು ಕೂಡಿಹಾಕಿ, ಕೆತ್ತನೆಗಾರರಿಂದ ತಗಡಿನ ಮೇಲೆ ನಕಲು ಮಾಡಿಸಿ ಪುಸ್ತಕವಾಗಿ ಮಾರಿದ. ಜೋಲಿಯ ಪಾರ್ಥೆನಾನ್ ನಮಗೆ ಉಳಿದಿರುವುದು ಆ ಕೆತ್ತನೆಯಲ್ಲಿ. ಕಂಬಗಳ ನಡುವೆ ಪುಟ್ಟದೊಂದು ಮಸೀದಿ ಕಾಣುತ್ತದೆ. ತುರ್ಕರ ಆಳ್ವಿಕೆಯಲ್ಲಿ ಕಟ್ಟಿದ್ದ ಅದನ್ನು ಮುಂದೆ ಕೆಲವೇ ವರ್ಷಗಳಲ್ಲಿ ಕೆಡವಿದರು. ಆತ ಹೋಗುವುದು ಐದಾರು ವರ್ಷ ತಡವಾಗಿದ್ದರೆ ಅದು ಅವನ ಫೋಟೋಕ್ಕೆ ಸಿಗುತ್ತಿರಲಿಲ್ಲ.

ನನಗೆ ಉತ್ತರ ಸಿಕ್ಕಿದ್ದು ಕೆತ್ತನೆಗಾರರ ಹತ್ತಿರ. ಅಷ್ಟು ನಿಧಾನದ ತಗಡಿನ ಮೇಲೆ ನಡೆದಾಡುವ ಮನುಷ್ಯರು ಮೂಡುತ್ತಲೇ ಇರಲಿಲ್ಲ. ತುಂಬಿದ ಬೀದಿಯೂ ಬಿಕೋ ಎನ್ನುತ್ತಿತ್ತು. ಈಗಿನ ರಸಿಕರು ಹಂಬಲಿಸುವ, ಜನರಿಲ್ಲದ ಸ್ಮಾರಕದ ಚಿತ್ರ ಅವರಿಗೆ ತಾನಾಗಿ ಸಿಕ್ಕಿತ್ತು. ಆದರೆ ಪುಸ್ತಕಕ್ಕೆ ಹಾಗೇ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಪ್ಯಾರಿಸ್ಸಿನ ಅಂಗಡಿಯಲ್ಲಿ ಕೂತ ಕೆತ್ತನೆಗಾರರು ಇಲ್ಲೊಬ್ಬ ಪೇಟದವನು, ಅಲ್ಲೊಂದು ಗಾಡಿ, ಬಂಡೆಗೆ ಒರಗಿದ ಇಬ್ಬರು ಎಂದು ಆ ಪುಸ್ತಕದ ಚಿತ್ರಗಳಿಗೆ ತಮ್ಮ ಕೈಯಿಂದ ಜನರನ್ನು ಸೇರಿಸಿದರು. ದುಡ್ಡು ಕೊಟ್ಟು ಕೊಳ್ಳುವವನಿಗೆ ಕಲ್ಲೊಂದೇ ಸಾಲದು ಎಂದು ಆ ವ್ಯಾಪಾರಿಗೆ 1840ರ ಹೊತ್ತಿಗೇ ಗೊತ್ತಿತ್ತು. ಐಫೆಲ್ ಗೋಪುರದ ಜನರಿಲ್ಲದ ಫೋಟೋ ಬೇಕೆಂದರೆ ಯಾವ ಪೆಟ್ಟಿಗೆ ಅಂಗಡಿಯಲ್ಲೂ ಕಾರ್ಡು ಸಿಗುತ್ತದೆ, ನಮ್ಮವರ ಕೈಯಿಂದ ಬರುವುದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ನನ್ನ ಸೋದರತ್ತೆ, ಸ್ವೆಟರು ಬೂಟು ಸಮೇತ, ಸೆಟೆದು ನಿಂತ ಗೋಪುರ ಒಂದೇ ಒಂದು. ಅದನ್ನು ನಾನು ತೆಗೆಯದಿದ್ದರೆ ಯಾರು ತೆಗೆಯಬೇಕು?

ಮಳವಳ್ಳಿಯ ದಾರಿ ಎಂದೆನಲ್ಲ. ಪಿಯರ್ ಗುಸ್ತಾವನ ಮಗ ಹೆನ್ರಿ ಗುಸ್ತಾವ್ ಕ್ವಿಬೆಕ್ ಪ್ರಾಂತದ ಪ್ರಧಾನಿಯಾದ. ಅವನ ಮಗ, ಅಂದರೆ ಅಥೆನ್ಸಿನಲ್ಲಿ ತಗಡು ಹಿಡಿದವನ ಮೊಮ್ಮಗ, ಆಲೇನ್ ಜೋಲಿ ದ ಲೋಬಿನಿಯೇರ್. ಹುಟ್ಟಿದ್ದು 1862ರಲ್ಲಿ. ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ಪಡೆ ಸೇರಿ ಮೈಸೂರು ಸಂಸ್ಥಾನಕ್ಕೆ ಬಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯುವ ಯೋಜನೆ ಮಾಡಿ, ಕಟ್ಟಿಸಿದವನು ಇವನೇ. ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗಳಿಂದ. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ನಡುವಿನ ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು. ಅಷ್ಟು ದೂರ ತಂತಿಯ ಮೇಲೆ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವ ಸಾಹಸ. ಶೇಷಾದ್ರಿ ಅಯ್ಯರ್ ನೋಡಲು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ವಿದ್ಯುದಾಗಾರಕ್ಕೆ ಈಗ ಅವರ ಹೆಸರಿದೆ. 1905ರ ಆಗಸ್ಟಿನಲ್ಲಿ ಇದೇ ಕರೆಂಟಿನಿಂದ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಹೊಳೆ ಯಾರ ಊರಿನಲ್ಲಿ ಧುಮುಕುತ್ತಿತ್ತೋ ಆ ಹಳ್ಳಿಗಳು ಮಾತ್ರ ತಲೆಯ ಮೇಲೆ ಹಾದುಹೋಗುವ ತಂತಿ ನೋಡುತ್ತಾ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಉಂಡವು. ಅತ್ತೆಯ ಊರೂ ಅವುಗಳಲ್ಲೊಂದು.

ಕೆನಡಾದವರಿಗೂ ಮಂಡ್ಯಕ್ಕೂ ಏನೋ ಋಣ ಇರಬೇಕು. ಕರೆಂಟು ತಂದ ಆಲೇನ್ ಅಲ್ಲಿಯವನು. 1933ರ ಮೈಸೂರು ಸಕ್ಕರೆ ಕಂಪನಿಯ ಹಿಂದೆ ನಿಂತು ಮಂಡ್ಯವನ್ನು ಕಬ್ಬಿನ ಜಿಲ್ಲೆಯಾಗಿಸಿದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರೂ ಅಲ್ಲಿಯವರೇ. ಈಗ ನಮ್ಮ ಹುಡುಗರು ಟೊರಾಂಟೊಗೆ ಹೋಗಿ ನಯಾಗರದ ಮುಂದೆ ಫೋಟೋ ತೆಗೆಸಿಕೊಂಡು ಕಳಿಸುತ್ತಾರೆ.

ಹಳೆಯ ಕಾಲದಲ್ಲಿ ಶಿವನಸಮುದ್ರ ನೋಡಲು ಬರುವ ಬಿಳಿಯರು ನಮ್ಮ ಮದ್ದೂರಿನಲ್ಲೇ ರೈಲು ಇಳಿಯುತ್ತಿದ್ದರು. ಅಲ್ಲಿಂದ ಮಳವಳ್ಳಿಯ ಮೇಲೆ ಗಾಡಿಯಲ್ಲಿ ಪ್ರಯಾಣ. ಅವರ ಪಾಲಿಗೆ ಅದು ಪರದೇಶದ ಹೆಸರಾಂತ ತಾಣ. ಈಗ ಮಳೆಗಾಲದಲ್ಲಿ ಕಬಿನಿ, ಕೆಆರ್‌ಎಸ್ ತುಂಬಿ ನೀರು ಬಿಟ್ಟರೆಂದು ಟಿವಿಯಲ್ಲಿ ಬಂದ ಮರುದಿನ ಅಲ್ಲಿನ ಗಗನಚುಕ್ಕಿ ಜಲಪಾತದ ವೀಕ್ಷಣಾ ಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲರೂ ಒಂದೇ ಕಂಬಿಗೆ ಒರಗಿ, ಒಂದೇ ಫೋಟೋ. ನೀರಿನ ಸದ್ದಿಗೆ 'ರೆಡಿ' ಎಂದದ್ದೂ ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ಹೋದರೆ ಕಪ್ಪು ಬಂಡೆ ಮಾತ್ರ, ಇದ್ದಬದ್ದ ನೀರು ಕಾಲುವೆ ಹಿಡಿದು ವಿದ್ಯುದಾಗಾರಕ್ಕೆ ಹೋಗುತ್ತದೆ. ಆ ವಿದ್ಯುದಾಗಾರ ನೋಡಲು ಅಪ್ಪಣೆ ಬೇಕು. ಜಗತ್ತಿನ ಮೊದಲ ಪ್ರವಾಸಿ ಫೋಟೋಗ್ರಾಫರರಲ್ಲೊಬ್ಬನ ಮೊಮ್ಮಗ ಕಟ್ಟಿಸಿದ ಜಾಗಕ್ಕೆ ಕ್ಯಾಮೆರಾ ನೇತುಹಾಕಿಕೊಂಡು ಸುಮ್ಮನೆ ನುಗ್ಗುವ ಹಾಗಿಲ್ಲ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ. ಒಳ್ಳೆಯದೇ ಬಿಡಿ. ಪೂರ್ತಿ ಬಿಟ್ಟರೆ ಏನಾಗುತ್ತದೆಂದು ಜಪಾನಿನವರು ಕಂಡಿದ್ದಾರೆ. ಫ್ಯೂಜಿ ಪರ್ವತದ ತಪ್ಪಲಿನ ಊರೊಂದರಲ್ಲಿ ಲಾಸನ್ ಎಂಬ ದಿನಸಿ ಅಂಗಡಿಯ ಮೇಲೆ ಪರ್ವತ ಕೂತಂತೆ ಫೋಟೋ ಬರುತ್ತದೆಂದು ಜನ ರಸ್ತೆಯ ನಡುವೆಯೇ ನಿಲ್ಲತೊಡಗಿದರು. ಊರಿನವರು ರೋಸಿ 2024ರ ಮೇ ತಿಂಗಳಲ್ಲಿ ಎರಡೂವರೆ ಮೀಟರು ಎತ್ತರದ ಕರಿಪರದೆ ಕಟ್ಟಿ ಪರ್ವತವನ್ನೇ ಮರೆಮಾಡಿದರು. ಜನ ಪರದೆಗೇ ತೂತು ಕೊರೆದರು.

ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಅಷ್ಟು ಸಿಟ್ಟಿಲ್ಲ. ಮನೆಯ ಹಿತ್ತಲ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಅವನ್ನು ಹಿಡಿಯಲು ಮೊಣಕೈಯುದ್ದದ ಲೆನ್ಸು ಹೊತ್ತವರು ಜಗುಲಿಯ ಮೇಲೆ ಕಾಯುತ್ತಾರೆ. ಹಕ್ಕಿ ತಿರುಗುವವರೆಗೆ ಪುರುಸೊತ್ತಾದರೆ ಜಗುಲಿಯ ಮೇಲಿನ ಅಜ್ಜಿಯ ಕಡೆ ಲೆನ್ಸು ತಿರುಗಿಸುತ್ತಾರೆ. ಅಜ್ಜಿ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಕೂರುತ್ತಾಳೆ. ಯಾವುದೋ ದೇಶದ ಯಾವುದೋ ಮನೆಯ ಗೋಡೆಯಲ್ಲಿ ನಮ್ಮ ತಾಲ್ಲೂಕಿನ ಮುಖಗಳು ಹೀಗೆ ನಗದೆ ನೇತಾಡುತ್ತಿರಬಹುದು.

ಫೋಟೋ ಇಲ್ಲದೆಯೂ ಪ್ರವಾಸವನ್ನು ಮನೆಗೆ ತಂದವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ ಹೋಗಿಬಂದು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ಓದಿದವರಿಗೆ ಊರೂ ಕಾಣುತ್ತದೆ, ರಾಯರೂ ಕಾಣುತ್ತಾರೆ. ಅವರ ಕೈ ಎಲ್ಲರಿಗೂ ಎಲ್ಲಿ ಬರಬೇಕು? ಉಳಿದವರಿಗೆ ಫೋನೇ ಗತಿ.

ಮತ್ತು ಆ ಫೋನನ್ನು ನೋಡುವವರು ಬೇಕು. ಪ್ರವಾಸದ ಫೋಟೋ ಪೂರ್ತಿಯಾಗುವುದು ಪ್ಯಾರಿಸ್ಸಿನಲ್ಲಲ್ಲ, ಊರ ಜಗುಲಿಯಲ್ಲಿ. ಮಳವಳ್ಳಿಯ ಆಚೆ ಅತ್ತೆಯ ಮನೆಗೆ ನಾವು ಹೋದ ಸಂಜೆ ಬೀದಿಯ ಜನವೆಲ್ಲ ಬಂದು ಕೂತಿತ್ತು. ಫೋನು ಕೈಯಿಂದ ಕೈಗೆ ಹೋಯಿತು. ಗೋಪುರವನ್ನು ಯಾರೂ ನೋಡಲಿಲ್ಲ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದ್ದೆಲ್ಲ ಅತ್ತೆಯ ಬೂಟಿನ ಮೇಲೆ. "ಎಷ್ಟು ಕೊಟ್ಟೆ?" "ಮೈಕೈ ನೋವು ಬರ್ಲಿಲ್ವಾ?" "ಈ ಸೀರೆ ನಾಗಮ್ಮನ ಮದ್ವೇಲಿ ಕೊಟ್ಟುದ್ದಲ್ವಾ?" ಅತ್ತೆಯ ಹಿಂದೆ ಅಚಾನಕ್ಕಾಗಿ ಬಂದುಹೋದ, ಚಡ್ಡಿ ತೊಟ್ಟ ಬಿಳಿ ಹೆಂಗಸಿನ ಬಗ್ಗೆ ಬಹಳ ಹೊತ್ತು ಚರ್ಚೆ ನಡೆಯಿತು. ಅವಳಿಗೆ ಚಳಿ ಆಗುವುದಿಲ್ಲವೇ, ಅವಳ ಮನೆಯವರು ಎಲ್ಲಿ, ಅವಳ ಕೈಯಲ್ಲಿರುವುದು ನಾಯಿಯೋ ಚೀಲವೋ. ನಾಯಿ ಎಂದು ತೀರ್ಮಾನವಾಯಿತು. ವಡೆಯ ಚಿತ್ರ ಬಂದಾಗ ಮಾತ್ರ ಎಲ್ಲರೂ ಗಟ್ಟಿಯಾಗಿ ನಕ್ಕರು. ಮುದುಕರೊಬ್ಬರು ಅದು ಯಾವ ಅಂಗಡಿಯದೆಂದು ನೋಡಿದ ತಕ್ಷಣ ಹೇಳಿದರು.

ಕೊನೆಗೆ ರಾತ್ರಿಯ ಗೋಪುರ ಬಂತು. ದೀಪದ ಆರ್ಭಟ ನೋಡಿ ಕ್ಷಣ ಹೊತ್ತು ಎಲ್ಲರೂ ಸುಮ್ಮನಾದರು. ಆ ಮುದುಕರು ವಿದ್ಯುದಾಗಾರದಲ್ಲಿ ಕೂಲಿ ಮಾಡಿ ನಿವೃತ್ತರಾದವರು. ಫೋನು ಇಸಿದುಕೊಂಡು, ಕಣ್ಣಿನ ಹತ್ತಿರ ತಂದು, "ರಾತ್ರಿಯೆಲ್ಲಾ ಇಂಗೇ ಉರೀತದಾ?" ಎಂದು ಕೇಳಿದರು.

ಇಲ್ಲ, ಕರೆಂಟು ದುಬಾರಿಯಾಯಿತೆಂದು 2022ರಿಂದ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಆರಿಸಲು ಶುರು ಮಾಡಿದರು, ಮುಂಚೆ ಒಂದು ಗಂಟೆಯವರೆಗೂ ಇರುತ್ತಿತ್ತು ಎಂದು ನಾನು ವಿವರಿಸಿದೆ.

"ಅಂಗಾದ್ರೆ ಅಲ್ಲೂ ಲೋಡ್ ಶೆಡ್ಡಿಂಗೇಯ" ಎಂದು ಮುದುಕರು ಫೋನನ್ನು ಪಕ್ಕದವರಿಗೆ ದಾಟಿಸಿದರು. ಅತ್ತೆ ಎಲ್ಲರಿಗೂ ಕಾಫಿ ತರಲು ಎದ್ದಳು.